ಡೇಟಾಬೇಸ್ ಸಂಪರ್ಕ: ಭಾಷೆ ಬದಲಾದಾಗ ಎಡವುವುದೆಲ್ಲಿ?

ಮಾನ್ಯ ಸಂಪಾದಕರೇ,

ಪ್ರೋಗ್ರಾಮಿಂಗ್ ಪಾಠಗಳಲ್ಲಿ ಡೇಟಾಬೇಸ್ ಸಂಪರ್ಕವನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಸರ್ವರ್ ವಿಳಾಸ, ಪೋರ್ಟ್ (ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ 3306, ಪೋಸ್ಟ್‌ಗ್ರೆಸ್‌ಗೆ 5432), ಬಳಕೆದಾರ, ಪಾಸ್‌ವರ್ಡ್, ಡೇಟಾಬೇಸಿನ ಹೆಸರು: ಇವಿಷ್ಟು ಎಲ್ಲ ಭಾಷೆಗಳಿಗೂ ಒಂದೇ. ತೊಂದರೆ ಶುರುವಾಗುವುದು ಆಮೇಲೆ.

ಲಿನಕ್ಸ್‌ನಲ್ಲಿ ಪಿಎಚ್‌ಪಿಗೆ 'ಲೋಕಲ್‌ಹೋಸ್ಟ್' (ಅದೇ ಕಂಪ್ಯೂಟರ್) ಎಂದರೆ ಅದು ಮೈಎಸ್‌ಕ್ಯೂಎಲ್‌ನ ಸಾಕೆಟ್ ಫೈಲನ್ನು (ಒಂದೇ ಯಂತ್ರದೊಳಗೆ ಮಾತಾಡಲು ಬಳಸುವ ವಿಶೇಷ ಫೈಲ್) ಹುಡುಕುತ್ತದೆ. ಜಾವಾ ಅದೇ ಹೆಸರಿಗೆ ಟಿಸಿಪಿ, ಅಂದರೆ ನೆಟ್‌ವರ್ಕ್ ಮೂಲಕ ಹೋಗುತ್ತದೆ. ಸಾಕೆಟ್ ಬೇರೆ ಕಡೆ ಇದ್ದರೆ ಜಾವಾ ಓಡುತ್ತದೆ, ಪಿಎಚ್‌ಪಿ 'ಅಂಥ ಫೈಲ್ ಇಲ್ಲ' ಎನ್ನುತ್ತದೆ. ಪಿಎಚ್‌ಪಿಯಲ್ಲಿ ಆ ಹೆಸರಿನ ಬದಲು 127.0.0.1 ಎಂದು ಬರೆದರೆ ಅದೂ ಟಿಸಿಪಿ ಹಿಡಿಯುತ್ತದೆ, ಸರಿಹೋಗುತ್ತದೆ.

ಇದಕ್ಕಿಂತ ಕಾಡುವುದು ಕಮಿಟ್, ಅಂದರೆ ಬದಲಾವಣೆಗಳನ್ನು ಖಾಯಂ ಮಾಡುವ ಆಜ್ಞೆ. ಜಾವಾದಿಂದ ಡೇಟಾಬೇಸಿಗೆ ಸಂಪರ್ಕಿಸುವ ಜೆಡಿಬಿಸಿಯಲ್ಲಿ ಆಟೋಕಮಿಟ್ (ತಾನಾಗಿ ಕಮಿಟ್ ಆಗುವುದು) ಮೊದಲೇ ಚಾಲೂ ಇರುತ್ತದೆ, ಪೈಥಾನ್‌ನ ಪೋಸ್ಟ್‌ಗ್ರೆಸ್ ಡ್ರೈವರ್ ಸೈಕಾಪ್‌ಜಿಯಲ್ಲಿ ಇರುವುದಿಲ್ಲ. ಅಲ್ಲಿ ಕಮಿಟ್ ಕರೆಯದೆ ಸಂಪರ್ಕ ಮುಚ್ಚಿದರೆ ಸೇರಿಸಿದ ಸಾಲುಗಳು ಮಾಯ. ದೋಷದ ಸಂದೇಶವೂ ಬರುವುದಿಲ್ಲ!

ಮೌಲ್ಯಗಳನ್ನು ಕ್ವೆರಿಗೆ (ಡೇಟಾಬೇಸಿಗೆ ಕಳಿಸುವ ಆದೇಶಕ್ಕೆ) ಸೇರಿಸುವ ಗುರುತೂ ಬೇರೆ ಬೇರೆ: ಜೆಡಿಬಿಸಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ನೋಡ್‌ನ (ಜಾವಾಸ್ಕ್ರಿಪ್ಟ್‌ನ) ಪೋಸ್ಟ್‌ಗ್ರೆಸ್ ಡ್ರೈವರಿನಲ್ಲಿ $1, $2. ಇದು ರಗಳೆ ಎಂದು ಸ್ಟ್ರಿಂಗ್‌ಗಳನ್ನೇ ಜೋಡಿಸಿ ಕ್ವೆರಿ ಕಟ್ಟುವವರು ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ, ಅಂದರೆ ಬೇರೆಯವರು ತಮ್ಮ ಆದೇಶವನ್ನು ಕ್ವೆರಿಯೊಳಗೆ ತೂರಿಸುವ ದಾಳಿಗೆ, ಬಾಗಿಲು ತೆರೆದಂತೆ.

ಪ್ರತಿ ವಿನಂತಿಗೂ ಹೊಸ ಸಂಪರ್ಕ ತೆರೆದು ಮುಚ್ಚದೆ ಬಿಡುವುದು ಎಲ್ಲ ಭಾಷೆಗಳಲ್ಲೂ ಇರುವ ಚಾಳಿ. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100 ಸಂಪರ್ಕ, ಮೈಎಸ್‌ಕ್ಯೂಎಲ್‌ನದು 151. ಮಿತಿ ಹೆಚ್ಚಿಸುವ ಮೊದಲು ಪೂಲ್ (ತೆರೆದಿಟ್ಟ ಸಂಪರ್ಕಗಳನ್ನೇ ಮತ್ತೆ ಮತ್ತೆ ಬಳಸುವ ವ್ಯವಸ್ಥೆ) ಬಳಸಿ. ಹತ್ತು ಸಂಪರ್ಕಗಳ ಪೂಲ್ ಇರುವ ಎಂಟು ಪ್ರೋಸೆಸ್‌ಗಳು ಓಡಿದರೆ ಎಂಬತ್ತು ಆಯಿತು ಎಂಬ ಲೆಕ್ಕವೂ ನೆನಪಿರಲಿ.

– ಒಬ್ಬ ಓದುಗ