ವಿಶೇಷ ಶಿಕ್ಷಕರನ್ನು ಕಳಿಸಲು ಹತ್ತು ಮಕ್ಕಳು ಸೇರಲಿ ಎಂದು ಕಾಯಬೇಡಿ

ಶಿರಸಿ-ಸಿದ್ದಾಪುರ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ.

ನನ್ನ ಮಗ ನಾಲ್ಕನೇ ತರಗತಿ. ಎರಡೂ ಕಿವಿ ಮಂದ. ಮಷಿನ್ ಹಾಕಿಕೊಂಡು ನಮ್ಮೂರಿನ ಶಾಲೆಗೇ ಹೋಗುತ್ತಾನೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಜೂನ್ ಬಂತೆಂದರೆ ಕಷ್ಟ. ಮಷಿನ್ ಟೀಚರ್ ದನಿಯನ್ನಷ್ಟೇ ಜೋರು ಮಾಡುವುದಿಲ್ಲ, ಮಾಡಿನ ಮೇಲೆ ಹೊಡೆಯುವ ಮಳೆಯನ್ನೂ ಜೋರು ಮಾಡುತ್ತದೆ. "ಆಯಿ, ಇವತ್ತೂ ಬರೀ ಮಳೆನೇ ಕೇಳ್ತು" ಎನ್ನುತ್ತಾ ಮನೆಗೆ ಬರುತ್ತಾನೆ.

ಕಳೆದ ವರ್ಷ ತಾಲೂಕಿನಿಂದ, ಇಂಥ ಮಕ್ಕಳಿಗೆ ಕಲಿಸಲೆಂದೇ ತರಬೇತಿ ಪಡೆದ ವಿಶೇಷ ಶಿಕ್ಷಕಿಯೊಬ್ಬರು ಬಂದಿದ್ದರು. ಕಿಟಕಿ ಪಕ್ಕ ಕೂರುತ್ತಿದ್ದ ಅವನನ್ನು ಟೀಚರ್ ಎದುರಿಗೆ ಕೂರಿಸಿದರು. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ, ಅವನಿಗೆ ನಿಮ್ಮ ತುಟಿ ಕಾಣಬೇಕು ಎಂದರು. ರಾತ್ರಿ ಮಷಿನನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ನಮ್ಮ ಕಡೆಯ ಥಂಡಿಗೆ ಬೇಗ ಕೆಡುತ್ತದೆ ಎಂದು ನನಗೂ ಹೇಳಿಕೊಟ್ಟರು. ಇದಕ್ಕೆಲ್ಲ ಒಂದು ಪೈಸೆ ಅನುದಾನ ಬೇಕಾಗಲಿಲ್ಲ. ಎರಡೇ ವಾರದಲ್ಲಿ ಮಗ ಉಕ್ತಲೇಖನ ಬರೆಯತೊಡಗಿದ. ಗೆಳೆಯರೂ ಈಗ ಅವನ ಭುಜ ಮುಟ್ಟಿ, ಎದುರಿಗೆ ನಿಂತೇ ಮಾತಾಡುತ್ತಾರೆ. ಅದನ್ನು ಅವರಿಗೆ ಯಾರೂ ಕಲಿಸಿಲ್ಲ.

ಆ ಶಿಕ್ಷಕಿ ಮತ್ತೆ ಬಂದದ್ದು ನಾಲ್ಕು ತಿಂಗಳ ಮೇಲೆ. ತಪ್ಪು ಅವರದಲ್ಲ. ಘಟ್ಟದ ಮೇಲಿನ ಈ ಚದುರಿದ ಊರುಗಳನ್ನು ಅವರಾದರೂ ಎಷ್ಟು ಸುತ್ತಿಯಾರು?

ದೂರದ ವಿಶೇಷ ಶಾಲೆಗೆ ಸೇರಿಸು ಎಂದು ಹೇಳುವವರು ಜಾಸ್ತಿ. ಸನ್ನೆ ಭಾಷೆಯಲ್ಲೇ ಕಲಿಯಬೇಕಾದ ಮಗುವಿಗೆ ಅಂಥ ಶಾಲೆ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಯ್ಕೆಯನ್ನು ನಮಗೆ ಬಿಟ್ಟಿದೆ. 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತವಾಗಿ ಕಲಿಯಬಹುದು. ನನ್ನ ಮಗನ ಗೆಳೆಯರು ಇಲ್ಲಿದ್ದಾರೆ, ಅವನು ಇಲ್ಲೇ ಕಲಿಯಲಿ.

ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ನಮ್ಮ ಕಡೆ ಕೆಲವು ಶಾಲೆಗಳಲ್ಲಿ ಒಟ್ಟು ಮಕ್ಕಳೇ ಇಪ್ಪತ್ತು ದಾಟುವುದಿಲ್ಲ. ಅಲ್ಲಿ ಹತ್ತು ಎಲ್ಲಿಂದ ಬರಬೇಕು? ಒಂದು ಶಾಲೆಯಲ್ಲಿ ಕಿವಿ ಮಂದವಾದ ಒಬ್ಬ, ಇನ್ನೊಂದರಲ್ಲಿ ಕಣ್ಣು ಮಂದವಾದ ಒಬ್ಬಳು, ಮತ್ತೊಂದರಲ್ಲಿ ನಿಧಾನವಾಗಿ ಕಲಿಯುವ ಒಬ್ಬ. ಶಾಲೆವಾರು ಲೆಕ್ಕ ಹಾಕಿದರೆ ಯಾರಿಗೂ ಶಿಕ್ಷಕರು ಸಿಗುವುದಿಲ್ಲ, ಅಲ್ವಾ? ಕ್ಲಸ್ಟರ್‌ವಾರು, ಅಂದರೆ ಹತ್ತಿರದ ಶಾಲೆಗಳ ಗುಂಪಿನ ಮೇಲೆ, ಲೆಕ್ಕ ಹಾಕಿ. ಅಕ್ಕಪಕ್ಕದ ಶಾಲೆಗಳಿಗೆ ಸೇರಿ ಒಬ್ಬರು ಓಡಾಡಿ ಕಲಿಸಲಿ, ಅವರಿಗೆ ಓಡಾಟದ ಖರ್ಚು ಸರಿಯಾಗಿ ಸಿಗಲಿ. ಪ್ರತಿ ಶಾಲೆಗೆ ವಾರಕ್ಕೊಂದು ದಿನ ಬಂದರೂ ಸಾಕು.

ಇಲಾಖೆಗಳ ಕೆಲಸ ಪರಿಶೀಲಿಸುವ ತಾಲೂಕು ಕೆಡಿಪಿ ಸಭೆ ನಡೆಸುವವರು ನೀವೇ. ಯಾವ ಕ್ಲಸ್ಟರಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾರಿಗೆ ಏನು ಬೇಕು, ಕೊನೆಯ ಸಲ ವಿಶೇಷ ಶಿಕ್ಷಕರು ಅವರನ್ನು ನೋಡಿದ್ದು ಯಾವಾಗ ಎಂಬ ಪಟ್ಟಿಯನ್ನು ಮುಂದಿನ ಸಭೆಗೆ ತರಲು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಹೇಳಿ. ಮಳೆ ಹಿಡಿಯುವ ಮೊದಲೇ ಹೇಳಿ.

ಇಂತಿ,
ಶಿರಸಿ ತಾಲೂಕಿನ ಒಬ್ಬ ತಾಯಿ