ಹಿತ್ತಾಳೆ ಪಾತ್ರೆಗಳ ರೂಪ ಬದಲಾವಣೆ: ಮಜೂರಿ ಮತ್ತು ಅವಧಿಯ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಬರುವ ಮೇ 1ರಿಂದ, ಹಳೆಯ ಹಿತ್ತಾಳೆ ಪಾತ್ರೆಯನ್ನು ಬೇರೆ ಅಳತೆಗೆ ಅಥವಾ ಬೇರೆ ಆಕಾರಕ್ಕೆ ತಿದ್ದಿಕೊಡುವ ಕೆಲಸದ ಮಜೂರಿಯನ್ನು ಕಿಲೋಗೆ 180 ರೂಪಾಯಿಯಿಂದ 260 ರೂಪಾಯಿಗೆ ಏರಿಸುತ್ತಿದ್ದೇವೆ. ಇಷ್ಟರವರೆಗೆ ಒಂದು ವಾರದಲ್ಲಿ ಕೊಡುತ್ತಿದ್ದ ಪಾತ್ರೆಗೆ ಇನ್ನು ಮುಂದೆ ಹದಿನೈದು ದಿನ ಹಿಡಿಯುತ್ತದೆ. ಕಲಾಯಿ, ಬೆಸುಗೆ, ಹಿಡಿ ಕೂರಿಸುವುದು, ದೀಪ ತೊಳೆದು ಹೊಳಪು ಕೊಡುವುದು, ಇವುಗಳ ದರ ಹಿಂದಿನಂತೆಯೇ ಇರುತ್ತದೆ. ಬದಿಯಡ್ಕದಿಂದಲೂ ಪೆರ್ಲದಿಂದಲೂ ಬಸ್ಸಿನಲ್ಲಿ ಹಂಡೆ ಹೊತ್ತು ತರುವ ನಿಮಗೆ ಈ ವಿಷಯವನ್ನು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ಹೇಳುವುದು ಸರಿಯಲ್ಲವೆಂದು ಮುಂಚಿತವಾಗಿ ಬರೆಯುತ್ತಿದ್ದೇವೆ.

ಕಳೆದ ಮಳೆಗಾಲದಿಂದ ನಾವು ಮತ್ತೆ ಮತ್ತೆ ಕೇಳಿದ ದೂರು ಒಂದೇ: "ನಿಮ್ಮಲ್ಲಿ ತಿದ್ದಿಸಿದ ಪಾತ್ರೆ ಬೀಳದೆ, ತಾಗದೆ, ಇಟ್ಟಲ್ಲೇ ಸೀಳಿತು." ಮೊದಲ ಪಾತ್ರೆ ಬಂದಾಗ ನಾವು ಅದನ್ನು ನಂಬಲಿಲ್ಲ. ಎಲ್ಲೋ ಕೈಜಾರಿ ಬಿದ್ದಿರಬೇಕೆಂದು ಆ ಮನೆಯ ಅಮ್ಮನವರ ಮುಖಕ್ಕೇ ಹೇಳಿದೆವು. ಪಾಲಾದಾಗ ಅವರ ಭಾಗಕ್ಕೆ ಬಂದ ದೊಡ್ಡ ಹಂಡೆಯನ್ನು ಬಾಯಿ ಕಿರಿದು ಮಾಡಿ ಪೂಜೆಗೊಂದು ಕೊಡವನ್ನಾಗಿಸಿ ಕೊಟ್ಟಿದ್ದೆವು. ಬಾಯಿಯ ಅಂಚಿನಿಂದ ಕೆಳಗೆ ಎರಡು ಬೆರಳು ಉದ್ದಕ್ಕೆ, ಕೂದಲೆಳೆಯಷ್ಟು ಸಪುರವಾದ ಬಿರುಕು. ಸುತ್ತಲೂ ಒಂದು ತಗ್ಗಿಲ್ಲ, ಒಂದು ಗೀರಿಲ್ಲ. ಬಿದ್ದ ಪಾತ್ರೆ ಹಾಗೆ ಕಾಣುವುದಿಲ್ಲ ಎಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ಆದರೂ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಅದೇ ರೀತಿಯ ಇನ್ನೆರಡು ಪಾತ್ರೆಗಳು ಬಂದ ಮೇಲೆ ಕಣ್ಣು ತೆರೆಯಿತು. ಆ ಅಮ್ಮನವರಲ್ಲಿ ನಾವು ಮನೆಗೇ ಹೋಗಿ ಕ್ಷಮೆ ಕೇಳಿದ್ದೇವೆ. ಇಲ್ಲಿ ಇನ್ನೊಮ್ಮೆ ಎಲ್ಲರ ಎದುರು ಕೇಳುತ್ತೇವೆ. ಮೂರೂ ಪಾತ್ರೆಗಳನ್ನು ನಮ್ಮ ಖರ್ಚಿನಲ್ಲೇ ಸರಿಪಡಿಸಿ ಕೊಟ್ಟಿದ್ದೇವೆ.

"ಅತಿಯಾಗಿ ಕಾಸಿ ಲೋಹವನ್ನು ಸುಟ್ಟಿದ್ದೀರಿ" ಎಂದು ಹಲವರು ಹೇಳುತ್ತಿದ್ದಾರೆ. ಇದಕ್ಕೆ ಮಾತ್ರ ನಾವು ಉತ್ತರಿಸಲೇಬೇಕು, ಏಕೆಂದರೆ ನಡೆದದ್ದು ಇದಕ್ಕೆ ತೀರಾ ವಿರುದ್ಧ. ಹಿತ್ತಾಳೆಯನ್ನು ತಣ್ಣಗಿರುವಾಗ ಬಡಿದಷ್ಟೂ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಮೊದಲ ಪೆಟ್ಟುಗಳಿಗೆ ಮಂಕಾಗಿ ಸದ್ದು ಮಾಡುವ ತಗಡು ಗಟ್ಟಿಯಾಗುತ್ತಿದ್ದಂತೆ ಗಂಟೆಯ ಹಾಗೆ ಕಣಕಣ ಎನ್ನತೊಡಗುತ್ತದೆ. ಆ ಸದ್ದು ಕೇಳಿದ ಕೂಡಲೇ ಸುತ್ತಿಗೆ ಕೆಳಗಿಟ್ಟು ಪಾತ್ರೆಯನ್ನು ಕುಲುಮೆಗೆ ಹಿಡಿದು, ಮಬ್ಬು ಬೆಳಕಿನಲ್ಲಿ ಕಂಡೂ ಕಾಣದಷ್ಟು ಕೆಂಪು ಬರುವವರೆಗೆ ಕಾಸಿ ಮೆದು ಮಾಡಿಕೊಳ್ಳಬೇಕು. ಕಬ್ಬಿಣದಂತೆ ನೀರಿಗೆ ಅದ್ದಿದರೆ ಹಿತ್ತಾಳೆ ಗಡುಸಾಗುವುದಿಲ್ಲ. ಅದ್ದಿದರೂ ಗಾಳಿಗಿಟ್ಟರೂ ಮೆದುವಾಗಿಯೇ ಇರುತ್ತದೆ. ಹಂಡೆಯ ಬಾಯಿಯನ್ನು ಕೊಡದ ಬಾಯಿಗೆ ಇಳಿಸಬೇಕಾದರೆ ಹೀಗೆ ನಾಲ್ಕೈದು ಬಾರಿ ಕಾಸಬೇಕು, ಬಡಿಯಬೇಕು. ಇಲ್ಲಿಯವರೆಗೆ ನಮ್ಮ ಕೆಲಸದಲ್ಲಿ ಲೋಪವಿರಲಿಲ್ಲ ಎಂದು ಧೈರ್ಯವಾಗಿ ಹೇಳುತ್ತೇವೆ.

ಲೋಪವಾದದ್ದು ಕೊನೆಯ ಸುತ್ತಿನಲ್ಲಿ. ಅಂಚು ಗಟ್ಟಿಯಾಗಿರಲಿ, ಬಾವಿಕಟ್ಟೆಗೆ ತಾಗಿದರೆ ತಗ್ಗಾಗದಿರಲಿ ಎಂದು ಕೊನೆಯ ಬಡಿತದ ನಂತರ ನಾವು ಕಾಸುತ್ತಿರಲಿಲ್ಲ. ಹಾಗೆ ಬಿಟ್ಟಾಗ ಬಡಿತದ ಬಿಗಿತ ಲೋಹದ ಒಳಗೇ ಉಳಿಯುತ್ತದೆ. ಒಣ ಜಾಗದಲ್ಲಿಟ್ಟರೆ ವರ್ಷಗಟ್ಟಲೆ ಏನೂ ಆಗದಿರಬಹುದು. ಆದರೆ ತೇವವೂ ಅಮೋನಿಯಾವೂ ಒಟ್ಟಿಗೆ ಸಿಕ್ಕಿದರೆ ಆ ಬಿಗಿತವೇ ಅಂಚನ್ನು ಸೀಳುತ್ತದೆ. ನಮಗೆ ಮರಳಿ ಬಂದ ಮೂರು ಪಾತ್ರೆಗಳೂ ಹಟ್ಟಿಯ ಅಟ್ಟದಲ್ಲೋ ಹಟ್ಟಿಗೆ ತಾಗಿದ ಕೋಣೆಯಲ್ಲೋ ಮಳೆಗಾಲ ಕಳೆದವು. ದನದ ಗಂಜಳದಿಂದ ಏಳುವ ಆ ಕಟು ವಾಸನೆಯೇ ಅಮೋನಿಯಾ. ಹಟ್ಟಿಯಲ್ಲಿಟ್ಟದ್ದು ನಿಮ್ಮ ತಪ್ಪೆಂದು ನಾವು ಹೇಳುತ್ತಿಲ್ಲ. ನಮ್ಮೂರಿನ ಮನೆಗಳಲ್ಲಿ ದೊಡ್ಡ ಪಾತ್ರೆಗಳಿಗೆ ಜಾಗವಿರುವುದೇ ಅಲ್ಲಿ.

ಇದು ನಾವು ಕಟ್ಟಿದ ಕತೆಯಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಕೋವಿ ತೋಟೆಗಳ ಹಿತ್ತಾಳೆ ಕವಚಗಳು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇದ್ದಾಗ, ಗುಂಡು ಹಿಡಿದಿರುವ ಕುತ್ತಿಗೆಯ ಬಳಿ ಇದೇ ರೀತಿ ತಾವಾಗಿಯೇ ಸೀಳುತ್ತಿದ್ದವು. ಒಳಗೆ ಉಳಿದ ಬಿಗಿತ, ಕುದುರೆ ಮೂತ್ರದ ಅಮೋನಿಯಾ, ಮಳೆಗಾಲದ ತೇವ, ಈ ಮೂರೂ ಕೂಡಿ ಹಾಗಾಗುತ್ತದೆ ಎಂಬುದನ್ನು ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬವರು 1921ರಲ್ಲಿ ವಿವರಿಸಿದರು. ತೋಟೆಯ ಕವಚಕ್ಕೆ ಬಳಸುವುದು 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ. ನಾವು ತಳಕ್ಕೂ ಅಂಚಿಗೂ ತರಿಸುವ ತಗಡೂ ಅದೇ. ಒಂದು ಅಳತೆಯ ಕವಚವನ್ನು ಇನ್ನೊಂದು ಅಳತೆಗೆ ಇಳಿಸುವವರೂ ಕುತ್ತಿಗೆಯನ್ನು ಕಾಸಿ ಮೆದು ಮಾಡಿಕೊಳ್ಳುತ್ತಾರೆ. ಅನೇಕ ಸೈನ್ಯದ ತೋಟೆಗಳ ಕುತ್ತಿಗೆಯಲ್ಲಿ ಕಾಣುವ ಕಂದು-ನೀಲಿ ಬಣ್ಣ ಹಾಗೆ ಕಾಸಿದ ಗುರುತು. ಆದ್ದರಿಂದ ನಮ್ಮಿಂದ ಬಂದ ಪಾತ್ರೆಯ ಒಳಗಂಚಿನಲ್ಲಿ ಆ ಬಣ್ಣದ ಛಾಯೆ ಕಂಡರೆ ದಯವಿಟ್ಟು ಸುಟ್ಟ ಕಲೆಯೆಂದು ತಿಳಿಯಬೇಡಿ.

ಪರಿಹಾರ ಕೇಳಲು ಸುಲಭ. ಕೆಲಸವೆಲ್ಲ ಮುಗಿದ ಮೇಲೆ ಪಾತ್ರೆಯನ್ನು ಸುಮಾರು 275 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆ ಇಡಬೇಕು. ಅಷ್ಟು ಶಾಖಕ್ಕೆ ಒಳಗಿನ ಬಿಗಿತ ಸಡಿಲುತ್ತದೆ, ಅಂಚಿನ ಗಟ್ಟಿತನ ಉಳಿಯುತ್ತದೆ. ಕಷ್ಟವಿರುವುದು ಶಾಖವನ್ನು ಅಳೆಯುವುದರಲ್ಲಿ. ಮೆದು ಮಾಡುವ ಶಾಖವನ್ನು ನಮ್ಮ ಕಣ್ಣು ಕೆಂಪಿನಿಂದ ಗುರುತಿಸುತ್ತದೆ. 275 ಡಿಗ್ರಿಗೆ ಯಾವ ಬಣ್ಣದ ಹೊಳಪೂ ಇಲ್ಲ. ಮೊದಮೊದಲು ಪಾತ್ರೆಯ ಮೇಲೆ ಕಲಾಯಿಯ ತವರದ ಒಂದು ಚೂರು ಇಟ್ಟು ನೋಡಿದೆವು. ತವರ 232 ಡಿಗ್ರಿಗೆ ಕರಗುವುದರಿಂದ ಅದು ಮುತ್ತಿನಂತೆ ಉರುಟಾದಾಗ ಅಷ್ಟು ದಾಟಿತೆಂದು ಗೊತ್ತಾಗುತ್ತದೆ, ಆದರೆ ಎಷ್ಟು ದಾಟಿತೆಂದು ಗೊತ್ತಾಗುವುದಿಲ್ಲ. ನಿಮ್ಮ ಪಾತ್ರೆಯನ್ನು ಅಂದಾಜಿಗೆ ಒಡ್ಡಲು ನಾವು ಒಪ್ಪದೆ, ಶಾಖಮಾಪಕವಿರುವ ವಿದ್ಯುತ್ ಒಲೆಯನ್ನು ಸಾಲ ಮಾಡಿ ತಂದೆವು. ಅದರಲ್ಲಿ ಒಮ್ಮೆಗೆ ಎರಡು ಕೊಡಗಳಷ್ಟೇ ಹಿಡಿಯುತ್ತವೆ. ಹದಿನೈದು ದಿನವಾಗುವುದು ಇದರಿಂದಲೇ. ಒಲೆಯಿಂದ ತೆಗೆದ ಮೇಲೆ ಕಪ್ಪಾದ ಮೈಯನ್ನು ಹುಣಸೆಹುಳಿ ಹಾಕಿ ತಿಕ್ಕಿ ತೊಳೆಯುವುದಕ್ಕೆ ಒಬ್ಬರ ಅರ್ಧ ದಿನ ಹೋಗುತ್ತದೆ.

"ಹಿತ್ತಾಳೆ ನಮ್ಮದೇ ಅಲ್ಲವೇ, ನಿಮಗೆಂತ ಖರ್ಚು?" ಎಂದು ಕೇಳುವಾಗ ನಮಗೆ ನಿಜವಾಗಿಯೂ ನೋವಾಗುತ್ತದೆ. ಕುಲುಮೆಗೆ ನಾವು ಬಳಸುವುದು ಗೆರಟೆಯ ಇದ್ದಿಲು. ಹಿಂದೆ ಕೊಪ್ಪರ ಒಣಗಿಸುವ ಮನೆಗಳವರು ಗೆರಟೆಯನ್ನು ಕರೆದು ಕೊಡುತ್ತಿದ್ದರು. ಈಗ ನೀರು ಶುದ್ಧ ಮಾಡುವ ಇಂಗಾಲ ತಯಾರಿಸುವ ಕಾರ್ಖಾನೆಗಳಿಗಾಗಿ ವ್ಯಾಪಾರಿಗಳು ಮನೆಬಾಗಿಲಿಗೇ ಬಂದು ಕೊಳ್ಳುತ್ತಾರೆ, ಅವರು ಕೊಡುವ ಬೆಲೆಗೆ ನಾವೂ ಕೊಳ್ಳಬೇಕು. ನಾಲ್ಕೈದು ಬಾರಿ ಕಾಸುವ ಒಂದು ಹಂಡೆ ಎಷ್ಟು ಇದ್ದಿಲು ತಿನ್ನುತ್ತದೆಂಬುದನ್ನು ನೀವೇ ಒಂದು ದಿನ ನಿಂತು ನೋಡಬಹುದು. ತಳ ಸವೆದ ಪಾತ್ರೆಗೆ ಹೊಸ ತಗಡು ಹಾಕಬೇಕಾದರೆ ಅದನ್ನು ಕೊಳ್ಳುವವರೂ ನಾವೇ. 2024ರ ಮೇ ತಿಂಗಳಲ್ಲಿ ಲಂಡನ್ ಪೇಟೆಯಲ್ಲಿ ತಾಮ್ರ ಟನ್ನಿಗೆ 11,000 ಡಾಲರ್ ದಾಟಿದಾಗಲೂ ನಾವು ಮಜೂರಿಯನ್ನು ಒಂದು ರೂಪಾಯಿಯೂ ಏರಿಸಲಿಲ್ಲ. ಆ ಭಾರವನ್ನು ನಾವೇ ಹೊತ್ತೆವು, ಅದನ್ನು ಯಾರೂ ಕೇಳಲಿಲ್ಲ.

ತೂಕ ಕಡಿಮೆಯಾಗುತ್ತದೆಂಬ ಸಂಶಯಕ್ಕೂ ಒಂದು ಮಾತು. ಬಾಯಿ ಕಿರಿದಾಗುವಾಗ ತಗಡು ದಪ್ಪವಾಗುತ್ತದೆ, ಅಂಚು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಏಳುತ್ತದೆ, ಅದನ್ನು ಕತ್ತರಿಸಿ ಸಮ ಮಾಡಬೇಕಾಗುತ್ತದೆ. ಇನ್ನು ಮುಂದೆ ಆ ಚೂರುಗಳನ್ನು ಚೀಲದಲ್ಲಿ ಕಟ್ಟಿ ಪಾತ್ರೆಯೊಂದಿಗೇ ಕೊಡುತ್ತೇವೆ. ತಂದಾಗಿನ ತೂಕವನ್ನೂ ಒಯ್ಯುವಾಗಿನ ತೂಕವನ್ನೂ ನಿಮ್ಮೆದುರಿಗೇ ಚೀಟಿಯಲ್ಲಿ ಬರೆಯುತ್ತೇವೆ. ಕರಗಿಸಿ ಎರಕ ಹೊಯ್ದರೆ ಅಗ್ಗವಲ್ಲವೇ ಎಂದು ಕೇಳುವವರಿಗೆ: ಸತು 907 ಡಿಗ್ರಿಗೆ ಕುದಿಯುತ್ತದೆ, ಈ ಹಿತ್ತಾಳೆ ಕರಗುವುದು ಅದಕ್ಕಿಂತ ಮೇಲೆ, ನಿಮ್ಮ ಸತು ಬಿಳಿ ಹೊಗೆಯಾಗಿ ಹೋಗುತ್ತದೆ. ಆ ಕೆಲಸ ನಮ್ಮಲ್ಲಿಲ್ಲ. ಕಂಚಿನ ಪಾತ್ರೆಗಳನ್ನೂ ನಾವು ತಿದ್ದಲು ತೆಗೆದುಕೊಳ್ಳುವುದಿಲ್ಲ. ಕಂಚು ತಣ್ಣಗಿರುವಾಗ ಬಡಿತ ತಾಳುವುದಿಲ್ಲ.

ಏಪ್ರಿಲ್ 30ರೊಳಗೆ ತಂದುಕೊಟ್ಟ ಪಾತ್ರೆಗಳಿಗೆ ಹಳೆಯ ಮಜೂರಿಯೇ ಇರುತ್ತದೆ, ಒಲೆಯ ಶಾಖವನ್ನೂ ಕೊಡುತ್ತೇವೆ. ಕಳೆದ ಎರಡು ವರ್ಷಗಳಲ್ಲಿ ನಮ್ಮಲ್ಲಿ ತಿದ್ದಿಸಿದ ಯಾವುದೇ ಹಿತ್ತಾಳೆ ಪಾತ್ರೆಯನ್ನು, ಬಿರುಕಿಲ್ಲದಿದ್ದರೂ, ಮಳೆ ಹಿಡಿಯುವ ಮೊದಲು ಒಮ್ಮೆ ತನ್ನಿ; ಒಲೆಗಿಟ್ಟು ತೊಳೆದು ಉಚಿತವಾಗಿ ಕೊಡುತ್ತೇವೆ, ಚೀಟಿ ಕಳೆದಿದ್ದರೂ ಚಿಂತೆಯಿಲ್ಲ, ನಮ್ಮ ಸುತ್ತಿಗೆಯ ಗುರುತು ನಮಗೆ ಗೊತ್ತು. ತಾಮ್ರದ ಹಂಡೆಗಳನ್ನು ತರಬೇಕಾಗಿಲ್ಲ. ಹೊತ್ತು ತರಲಾಗದ ವಯಸ್ಸಾದವರು ಅಂಗಡಿಗೆ ಹೇಳಿ ಕಳುಹಿಸಿದರೆ ಭಾನುವಾರ ನಮ್ಮ ಹುಡುಗನೇ ಬಂದು ಒಯ್ಯುತ್ತಾನೆ. ಅಲ್ಲಿಯವರೆಗೆ ಆ ಪಾತ್ರೆಗಳನ್ನು ಹಟ್ಟಿಯಿಂದ ತೆಗೆದು ಅಡುಗೆಮನೆಯ ಅಟ್ಟದಲ್ಲಿಡಿ.

ಇತಿ ನಿಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಎಲ್ಲರ ಪರವಾಗಿ