ಪಾಪರ್ ಚೀಟಿ ನಂಬಿ ಮುಂಗಡ ಕೊಡುವ ಮೊದಲು

ಮಾನ್ಯರೇ,

ಯಶವಂತಪುರದಿಂದ ಪೀಣ್ಯದವರೆಗೆ ಯಾವ ವಿದ್ಯುತ್ ಕಂಬ ನೋಡಿದರೂ ಈಗ ಒಂದು ಚೀಟಿ ಅಂಟಿಕೊಂಡಿರುತ್ತದೆ: ‘ಕೋರ್ಟಿನ ಮೂಲಕ ಸಾಲದಿಂದ ಶಾಶ್ವತ ಬಿಡುಗಡೆ’, ಕೆಳಗೊಂದು ಮೊಬೈಲ್ ನಂಬರು. ಮೂವತ್ತೊಂದು ವರ್ಷ ಸಿವಿಲ್ ನ್ಯಾಯಾಲಯದ ಕಡತ ಹೊತ್ತು ಶಿರಸ್ತೇದಾರನಾಗಿ ನಿವೃತ್ತನಾದ ನನಗೆ ಆ ಚೀಟಿ ಕಂಡರೆ ಮೈ ಉರಿಯುತ್ತದೆ.

ಕಳೆದ ತಿಂಗಳು ನಮ್ಮ ಹಿಂದಿನ ಬೀದಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಿದ್ದವನು. ಬಟ್ಟೆ ಅಂಗಡಿಯ ಕವರಿನ ತುಂಬ ಕಾಗದ: ಬ್ಯಾಂಕಿನ ನೋಟಿಸು, ಕೈಸಾಲದ ಲೆಕ್ಕ ಬರೆದ ಮಗಳ ಹಳೆಯ ನೋಟ್ ಪುಸ್ತಕ, ಅದರ ನಡುವೆ ಒಂದು ಚೆಕ್ ಪುಸ್ತಕ. ಹನ್ನೊಂದು ಚೆಕ್ಕು ಹರಿದುಹೋಗಿತ್ತು. ಉಳಿದ ಅಡಿತುಂಡುಗಳ ಮೇಲೆ ಮೊತ್ತವೂ ಇಲ್ಲ, ತಾರೀಕೂ ಇಲ್ಲ. ಸಾಲ ಕೊಟ್ಟವರ ಹೆಸರಿನ ಮೊದಲಕ್ಷರ ಮಾತ್ರ. ‘ಪಾಪರ್ ಚೀಟಿ ತೆಗೆದುಕೊಂಡರೆ ಎಲ್ಲ ಚುಕ್ತಾ ಎಂದರು ಸರ್, ಇಪ್ಪತ್ತೈದು ಸಾವಿರ ಮುಂಗಡ ಕೊಟ್ಟಿದ್ದೇನೆ’ ಎಂದ. ಹೆಂಡತಿಯ ಬಳೆ ಅಡವಿಟ್ಟು ತಂದ ಹಣ ಅದು.

‘ಪಾಪರ್’ ಎಂಬ ಮಾತನ್ನೇ ನಾವು ತಪ್ಪಾಗಿ ಹಿಡಿದಿದ್ದೇವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಪಾಪರ್ ಎಂದರೆ ನ್ಯಾಯಾಲಯದ ಶುಲ್ಕ ಕಟ್ಟಲಾಗದೆ ದಾವೆ ಹೂಡುವವನು. 1976ರ ತಿದ್ದುಪಡಿಯಲ್ಲಿ ಆ ಪದವನ್ನೂ ಕಿತ್ತುಹಾಕಿದರು. ಸಾಲ ತೀರಿಸಲಾಗದವನದು ದಿವಾಳಿ ಅರ್ಜಿ. ಸಾಮಾನ್ಯ ಜನರ ಮಟ್ಟಿಗೆ ಅದು ಇಂದಿಗೂ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಕೆಳಗೆ. 500 ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು ಎನ್ನುತ್ತದೆ ಆ ಕಾಯ್ದೆ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ ಇದ್ದೀತು.

ಹುಡುಗನಿಗೆ ನಾನು ಮೊದಲು ತೋರಿಸಿದ್ದು ಆ ಹನ್ನೊಂದು ಅಡಿತುಂಡುಗಳನ್ನು. ದಿವಾಳಿ ಎಂದು ಘೋಷಣೆಯಾದರೂ ಚೆಕ್ ಬೌನ್ಸ್ ಮೊಕದ್ದಮೆ ನಿಲ್ಲುವುದಿಲ್ಲ. ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಪ್ರಕರಣ. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟವನು ಅರ್ಜಿಗೆ ಮೊದಲು ಆ ಚೆಕ್ಕುಗಳ ಗತಿ ಏನೆಂದು ಯೋಚಿಸಬೇಕು. ನಮ್ಮ ಕಂಬದ ಚೀಟಿಯವರು ಅದನ್ನು ಕೇಳಿಯೇ ಇರಲಿಲ್ಲ.

ಮನೆ ಅಡವಿದ್ದರೆ ಬ್ಯಾಂಕಿನ ಹಕ್ಕಿಗೂ ಚ್ಯುತಿ ಇಲ್ಲ. ನೋಟಿಸು ಕೊಟ್ಟು 60 ದಿನ ಕಾದು, ಸಿವಿಲ್ ದಾವೆ ಹೂಡದೆಯೇ ಮನೆ ವಶಕ್ಕೆ ಪಡೆಯಲು ಅದಕ್ಕೆ 2002ರ ಕಾಯ್ದೆಯೇ ಇದೆ. ಇನ್ನು ಜಾಮೀನು ಹಾಕಿದವರು. ಸಾಲಗಾರನಿಗೆ ನ್ಯಾಯಾಲಯ ಬಿಡುಗಡೆ ಕೊಟ್ಟರೂ ಜಾಮೀನುದಾರನಿಗೆ ಬಿಡುಗಡೆ ಇಲ್ಲವೆಂದು 1920ರ ದಿವಾಳಿ ಕಾಯ್ದೆಯ 44ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಯೂ ಹಾಗೆಯೇ ಉಳಿಯುತ್ತದೆ. ಈ ಮಾತು ಕೇಳಿದಾಗ ಹುಡುಗ ಬಹಳ ಹೊತ್ತು ತಲೆ ಎತ್ತಲಿಲ್ಲ. ಜಾಮೀನು ಹಾಕಿದ್ದವರು ಹೆಣ್ಣು ಕೊಟ್ಟ ಮಾವ; ಪಿಂಚಣಿದಾರರು.

ಆಸ್ತಿಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಬಿಡಿ ಎಂದೂ ಆ ಏಜೆಂಟರು ಸಲಹೆ ಕೊಡುತ್ತಾರಂತೆ. ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಹಾಗೆ ಬರೆದುಕೊಟ್ಟದ್ದನ್ನು ನ್ಯಾಯಾಲಯ ರದ್ದು ಮಾಡಬಹುದು. ಹಿಂದಿನ ಮೂರು ತಿಂಗಳಲ್ಲಿ ಬೇರೆಯವರನ್ನು ಬಿಟ್ಟು ಭಾವಮೈದುನನ ಬಾಕಿಯನ್ನು ಬೇಕೆಂದೇ ತೀರಿಸಿದ್ದರೆ ಅದನ್ನೂ ವಾಪಸು ತರಿಸಬಹುದು. ಘೋಷಣೆಯಾದ ಮೇಲೆ ಊರಿನ ಜಮೀನಿನಲ್ಲಿ ಪಾಲು ಬಂದರೆ ಅದೂ ರಿಸೀವರ್ ಕೈಗೆ, ಎಂದರೆ ದಿವಾಳಿಯಾದವನ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದವನ ಕೈಗೆ.

ಎಲ್ಲವೂ ಹೋಗುತ್ತದೆಂದು ಹೆದರಬೇಕಾಗಿಲ್ಲ. ಅಡುಗೆ ಪಾತ್ರೆ, ಹಾಸಿಗೆ ಬಟ್ಟೆ, ಕಸುಬುದಾರನ ಸಲಕರಣೆ, ಭವಿಷ್ಯ ನಿಧಿ ಇವನ್ನು ಮುಟ್ಟುವಂತಿಲ್ಲ. ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ, ಎಂದರೆ ತಾಳಿಯನ್ನು, ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕಾಪಾಡುತ್ತದೆ. ಕೊಡಲು ನಿಜವಾಗಿ ಕೈಯಲ್ಲಿ ಏನೂ ಇಲ್ಲದವನನ್ನು ಸಾಲದ ಡಿಕ್ರಿಗಾಗಿ ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ನನ್ನ ಮೇಜಿನ ಮೇಲೆ ಕಂಡ ತಪ್ಪು ಬೇರೆಯದೇ. ದಿವಾಳಿ ಎಂದು ಆದೇಶವಾದ ದಿನ ಜನ ಸಿಹಿ ಹಂಚಿ ಮನೆಗೆ ಹೋಗುತ್ತಿದ್ದರು. ಅದು ಬಿಡುಗಡೆ ಅಲ್ಲ, ಅರ್ಧ ದಾರಿ. ನ್ಯಾಯಾಲಯ ಗೊತ್ತುಮಾಡಿದ ಅವಧಿಯೊಳಗೆ ಬಿಡುಗಡೆಗೆಂದು ಇನ್ನೊಂದು ಅರ್ಜಿ ಹಾಕಬೇಕು. ಹಾಕದಿದ್ದರೆ ಮೊದಲ ಆದೇಶವೇ ರದ್ದಾಗುತ್ತದೆ. ಆ ಅರ್ಜಿಯ ವಿಚಾರಣೆಯಲ್ಲೂ, ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಹುಟ್ಟದಿದ್ದರೆ ಅದು ತನ್ನ ತಪ್ಪಿನಿಂದ ಆದದ್ದಲ್ಲವೆಂದು ಸಾಲಗಾರನೇ ತೋರಿಸಿಕೊಡಬೇಕು. ಹುಡುಗನ ಆ ನೋಟ್ ಪುಸ್ತಕ ಕೆಲಸಕ್ಕೆ ಬರುವುದು ಇಲ್ಲಿ. ಯಾವ ತಿಂಗಳು ಆರ್ಡರ್ ನಿಂತಿತು, ಯಾರ ಬಿಲ್ಲು ಬಾಕಿ ಉಳಿಯಿತು, ಎಲ್ಲವನ್ನೂ ಅದರಲ್ಲಿ ಬರೆದಿಟ್ಟಿದ್ದ.

2016ರ ದಿವಾಳಿ ಸಂಹಿತೆ ಬಂದಿದೆಯಲ್ಲ ಎಂದು ಓದುಗರು ಕೇಳಬಹುದು. ಅದರಲ್ಲಿ ವ್ಯಕ್ತಿಗಳಿಗೆಂದೇ ಮೂರನೆಯ ಭಾಗವಿದೆ, ನಿಜ. ಆದರೆ 2019ರ ಡಿಸೆಂಬರ್ 1ರಿಂದ ಅದನ್ನು ಜಾರಿಗೆ ತಂದದ್ದು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಬಡವರ ಸಾಲ ಮನ್ನಾ ಮಾಡಿ ಹೊಸದಾಗಿ ಬದುಕಲು ಬಿಡುವ ಒಂದು ಅಧ್ಯಾಯವೂ ಅದರೊಳಗೆ ಮಲಗಿದೆ: ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರಬಾರದು, ಸ್ವಂತ ಮನೆ ಇರಬಾರದು. ಬೆಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಗೆ ಕೊಟ್ಟ ಅಡ್ವಾನ್ಸೇ ಆಸ್ತಿಯ ಮಿತಿಯನ್ನು ದಾಟಿಬಿಡುತ್ತದೆ! ಕೇಂದ್ರ ಸರ್ಕಾರ ಈ ಅಂಕಿಗಳನ್ನು ತಿದ್ದಿ ಆ ಭಾಗವನ್ನು ಎಲ್ಲರಿಗೂ ಜಾರಿಗೆ ತರಬೇಕು. ಅಲ್ಲಿಯವರೆಗೆ ನಗರದ ಕಾನೂನು ಸೇವಾ ಪ್ರಾಧಿಕಾರ ವಾರಕ್ಕೆ ಒಂದು ದಿನವಾದರೂ ಸಾಲಗಾರರ ಕಾಗದ ನೋಡಲು ಒಬ್ಬ ವಕೀಲರನ್ನು ಕೂರಿಸಲಿ. 15100ಕ್ಕೆ ಕರೆ ಮಾಡಿದರೆ ಪ್ರಾಧಿಕಾರದ ನೆರವು ಸಿಗುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರಿದ್ದಾರೆ. ಇದನ್ನೂ ಆ ಕಂಬಗಳಿಗೇ ಅಂಟಿಸಬಹುದು.

ಹುಡುಗ ಇನ್ನೂ ಅರ್ಜಿ ಹಾಕಿಲ್ಲ. ಮೊದಲು ಮಾವನಿಗೆ ವಿಷಯ ಹೇಳಿ ಬಾ ಎಂದು ಕಳುಹಿಸಿದ್ದೇನೆ. ಕವರು ನಮ್ಮ ಮನೆಯಲ್ಲೇ ಇದೆ.

– ನಿವೃತ್ತ ಶಿರಸ್ತೇದಾರ, ರಾಜಾಜಿನಗರ, ಬೆಂಗಳೂರು